ಕತ್ತರಿಸಿದ ಬಿಲ್ಲೆಗಳು

ಫೆನಿಟ್, ಕೆರಿ
ಸೋಮವಾರ, 14 ಅಕ್ಟೋಬರ್ 1996
ಗಾಳಿ ಜೋರಾಗಿದೆ. ದೋಣಿ ಕಟ್ಟಿಹಾಕಿದ್ದೇನೆ.

ಪ್ರೀತಿಯ ಟೈಗ್,

ಏಳು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷಮಿಸು ಎನ್ನಲೂ ನಾಚಿಕೆ. ನಿನ್ನ ಮಂಡಿ ಈಗ ಹೇಗಿದೆ? ನಾನು ಒಬ್ಬನೇ ದೋಣಿ ನಡೆಸುತ್ತೇನೆ. ನಿನ್ನ ಜಾಗಕ್ಕೆ ಯಾರನ್ನೂ ಇಟ್ಟುಕೊಳ್ಳಲಿಲ್ಲ.

ವಿಷಯ ಇಷ್ಟು. ಕೊಲ್ಲಿಯೊಳಗೆ ಮತ್ತೆ ತಳಬಲೆ ಬಿಡಲು ಅನುಮತಿ ಕೊಡುತ್ತಾರಂತೆ. ಬಲೆ ನಳ್ಳಿಗಾಗಿ, ಆದರೆ ಅದರಲ್ಲಿ ಮೊದಲು ಸಾಯುವುದು ಬೆನ್ನ ಮೇಲೆ ಅಲೆಯಂಥ ಗೆರೆಯಿರುವ ನಮ್ಮ ಚಪ್ಪಟೆ ತೊರಕೆ ಮೀನು. ಮೀನು ಎಣಿಸುವ ಊನಾ ಶುಕ್ರವಾರ ಮನೆಗೆ ಬಂದಿದ್ದಳು. ಒಳ್ಳೆಯ ಹುಡುಗಿ. ತಡೆಯೋಣವೆಂದರೆ ಕಾರಣವೇ ಸಿಗುತ್ತಿಲ್ಲ ಎಂದಳು.

"ನೀವು ನಂಬರಿನ ಬಿಲ್ಲೆ ಹಾಕಿ ಬಿಟ್ಟ ಮೀನು ಮತ್ತೆ ಸಿಕ್ಕಿದ್ದೇ ಇಲ್ವಲ್ಲ ಫ್ಲರಿ. ಪ್ರತಿ ಸಲ ಹೊಸ ಮೀನೇ ಸಿಗುತ್ತೆ ಅಂದ್ರೆ ಕೊಲ್ಲೀಲಿ ಸಾವಿರಾರು ಇರ್ಬೇಕು."

ಚಹಾ ಬಗ್ಗಿಸುತ್ತಿದ್ದೆ. ಕೆಟಲ್ ಕೆಳಗಿಟ್ಟೆ.

ನಾವು ಮಾಡುತ್ತಿದ್ದುದು ನಿನಗೆ ಗೊತ್ತು. ಹಣ ಕೊಟ್ಟು ನಮ್ಮ ದೋಣಿಯಲ್ಲಿ ಗಾಳ ಹಾಕಲು ಬಂದವರಿಗೆಲ್ಲ ತಾವೇ ಮೊದಲು ಹಿಡಿದ ಮೀನು ಬೇಕು, ತಮ್ಮ ಹೆಸರಿನ ಪ್ರಮಾಣಪತ್ರ ಬೇಕು. ಹಳೆಯ ಬಿಲ್ಲೆ ಇರುವ ಮೀನು ಬಂದರೆ ಮುಖ ಸಪ್ಪಗಾಗುತ್ತಿತ್ತು. ನಾನು ಇಕ್ಕಳದಿಂದ ಅದನ್ನು ಕತ್ತರಿಸಿ ತಂಬಾಕಿನ ಡಬ್ಬಿಗೆ ಹಾಕಿ, ರೆಕ್ಕೆಗೆ ಹೊಸದನ್ನು ಚುಚ್ಚುತ್ತಿದ್ದೆ. ಮೀನಿಗೆ ನಷ್ಟವಿಲ್ಲ, ಅತಿಥಿಗೆ ಸಂತೋಷ. ಇಷ್ಟೇ ಯೋಚಿಸಿದ್ದು.

ಊನಾ ಹೋದ ಮೇಲೆ, ನಮ್ಮ ದೋಣಿಯಲ್ಲಿ ಹಿಡಿದ ತೊರಕೆಗಳ ಒಂಬತ್ತು ಫೋಟೋಗಳನ್ನು ಗೋಡೆಯಿಂದ ಇಳಿಸಿ ಅಡಿಗೆಮನೆಯ ಮೇಜಿನ ಮೇಲೆ ಹರಡಿದೆ. ನಮ್ಮ ಬೆರಳಚ್ಚಿನ ಹಾಗೆ ಇವುಗಳ ಬೆನ್ನಿನ ಗೆರೆಯೂ ಒಂದರಂತೆ ಒಂದಿಲ್ಲ ಎನ್ನುತ್ತಿದ್ದೆ ನೀನು. ಒಂದು ಮೀನಿನ ಎಡರೆಕ್ಕೆಯ ಕಪ್ಪು ಅಲೆ ಒಂದು ಕಡೆ ತುಂಡಾಗಿದೆ, ಅಲ್ಲಿ ಅಂಚಿನ ಬಿಳಿ ಚುಕ್ಕೆಗಳಿಲ್ಲ. ಜರ್ಮನಿಯವನ ಕೈಯಲ್ಲೂ ಅದೇ, ಲೀಡ್ಸ್‌ನ ದಂಪತಿಯ ಕೈಯಲ್ಲೂ ಅದೇ. ಒಂಬತ್ತರಲ್ಲಿ ಆರು ಒಂದೇ ಮೀನು, ಟೈಗ್.

ಇವು ಕೊಲ್ಲಿ ಬಿಟ್ಟು ಹೋಗುವುದಿಲ್ಲ, ಹೊರಗಿನಿಂದ ಬಂದು ಸೇರುವುದೂ ಇಲ್ಲವೆನ್ನುವಷ್ಟು ಕಡಿಮೆ. ಮೊಟ್ಟೆಯಿಡುವಷ್ಟು ಬೆಳೆಯಲು ಎಂಟೊಂಬತ್ತು ವರ್ಷ ಬೇಕು. ಮೊದಲು ಮರಳಿನ ಮೇಲೆ ಕಪ್ಪು ಮೊಟ್ಟೆಚೀಲಗಳನ್ನು ತುಳಿಯದೆ ನಡೆಯಲಾಗುತ್ತಿರಲಿಲ್ಲ. ಕಳೆದ ಚಳಿಗಾಲದಲ್ಲಿ ನನಗೆ ಸಿಕ್ಕಿದ್ದು ಎರಡು. ಆರು ಫೋಟೋಗಳ ಆ ಹೆಣ್ಣು ಮೀನನ್ನು ಮೇ ತಿಂಗಳ ನಂತರ ನೋಡಿಲ್ಲ.

ತಳಬಲೆ ಬಿಡಲಿರುವ ಡಿನ್ನಿಯ ಹತ್ತಿರ ಹೋಗಿ, ಒಂದು ವರ್ಷ ತಡೆಯೋ ಎಂದು ಬೇಡಿಕೊಂಡೆ. ಅವನು ಲೋಟ ಕೆಳಗಿಡದೆ ನಕ್ಕ.

"ನಿನ್ನ ಗೋಡೆ ತುಂಬಾ ಮೀನೇ ಇದೆಯಲ್ಲೋ. ನಮಗೂ ನಾಲ್ಕು ಬಿಡು ಮಾರಾಯ."

ಅಂದಿನಿಂದ ನಿದ್ದೆಯಿಲ್ಲ.

ಮಾತೆ ಮರಿಯ ನಿನ್ನ ಮೇಲೆ ಕೈಯಿಟ್ಟು ಕಾಯಲಿ. ಮಂಡಿಗೆ ಬಿಸಿ ಬಟ್ಟೆ ಕಟ್ಟಿಕೋ.

ನಿನ್ನ
ಫ್ಲರಿ

ತಾ.ಕ.: ಆರರಲ್ಲಿ ಮೊದಲನೆಯ ಫೋಟೋದಲ್ಲಿ ಅವಳನ್ನು ಹಿಡಿದಿರುವ ಕೈ ನಿನ್ನದು. ಅವಳು ಎರಡನೇ ಸಲ ಗಾಳಕ್ಕೆ ಬಂದ ದಿನ ನೀನು ಇಕ್ಕಳ ಎತ್ತಿದ ನನ್ನ ಮಣಿಕಟ್ಟು ಹಿಡಿದು, "ಬೇಡ ಕಣೋ, ಇವಳನ್ನ ನಾವು ಮೊದ್ಲೇ ನೋಡಿದೀವಿ" ಅಂದೆ. ಹೆಂಡತಿ ಇಲ್ಲದವನಿಗೆ ಮೀನಿನ ಮೇಲೇ ಪ್ರೀತಿ ಎಂದು ಅತಿಥಿಗಳ ಮುಂದೆ ನಾನು ನಿನ್ನನ್ನು ನಗೆಪಾಟಲು ಮಾಡಿದೆ. ದಡಕ್ಕೆ ಬಂದದ್ದೇ ನೀನು ಕೋಟು ಎತ್ತಿಕೊಂಡು ಹೋದೆ. ಮಂಡಿನೋವಿಗೆ ಬಿಟ್ಟ ಎಂದು ಊರಿಗೆಲ್ಲ ಹೇಳಿದವನು ನಾನು.

ಗುರುವಾರ ಶಾಲೆಯಲ್ಲಿ ಸಭೆಯಿದೆ. ಫೋಟೋಗಳನ್ನೂ ಡಬ್ಬಿಯನ್ನೂ ಊನಾಳ ಮುಂದಿಟ್ಟು ಎಲ್ಲರೆದುರು ಹೇಳುತ್ತೇನೆ, ನೀನು ತಡೆದದ್ದನ್ನೂ ಸೇರಿಸಿ. ಆಮೇಲೆ ನನ್ನ ದೋಣಿ ಯಾರೂ ಹತ್ತುವುದಿಲ್ಲ. ಡಬ್ಬಿ ಕೋಟಿನ ಜೇಬಿನಲ್ಲಿದೆ. ಫೋಟೋಗಳನ್ನು ಮಾತ್ರ ಮತ್ತೆ ಗೋಡೆಗೆ ತೂಗುಹಾಕಿದ್ದೇನೆ. ಗುರುವಾರಕ್ಕೆ ಇನ್ನೂ ಮೂರು ದಿನವಿದೆ.