ನಾನೇ ಒಂದು ಷೇರು ಮಾರಿಲ್ಲ ಎಂದ ತಮ್ಮನಿಗೆ

ಟ್ರುಗನಿನಾ, ಮೆಲ್ಬರ್ನ್
9 ಡಿಸೆಂಬರ್ 2024, ಸೋಮವಾರ

ಪ್ರೀತಿಯ ಯಾದವಾ,

ಮೊದಲ ಪದ ಬರೆಯಲು ಕೈ ಒಪ್ಪಲಿಲ್ಲ. ಆದರೂ ಬರೆದಿದ್ದೇನೆ, ಬೇರೆ ಯಾವ ಪದದಿಂದಲೂ ನಿನ್ನನ್ನು ಕರೆದು ಅಭ್ಯಾಸವಿಲ್ಲ. ಸೌಖ್ಯವೇ? ಸೊಂಟನೋವು ಹೇಗಿದೆ? ಫಿಸಿಯೋ ಹತ್ತಿರ ಹೋಗುವುದನ್ನು ನಿಲ್ಲಿಸಿದೆಯಂತೆ, ನಿನ್ನ ಹೆಂಡತಿ ಅನಘಾಳೇ ಹೇಳಿದಳು. ನಿಲ್ಲಿಸಬೇಡ. ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನ ಭಾವ ಲತೇಶ್ ಅವರಿಗೆ ವೇರ್‌ಹೌಸಿನಲ್ಲಿ ಹಗಲು ಶಿಫ್ಟ್ ಸಿಕ್ಕಿದೆ. ನಮ್ಮ ಸುಪ್ರೀತಾ ಈಜು ಕಲಿತಿದ್ದಾಳೆ, ಮಾಮ ಯಾವಾಗ ಬರುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾಳೆ.

ನಮ್ಮಿಬ್ಬರ ಜಗಳ ಯಾವತ್ತೂ ತುಳುವಿನಲ್ಲೇ. ಕಾಗದ ಮಾತ್ರ ಕನ್ನಡದಲ್ಲಿ, ಶಾಲೆಯಲ್ಲಿ ಕಲಿತದ್ದು ಅದನ್ನೇ ತಾನೆ. ಹನ್ನೊಂದು ದಿನದಿಂದ ನೀನು ನನ್ನ ಫೋನ್ ಎತ್ತಿಲ್ಲ. ಮೆಸೇಜು ಓದಿದ ಗುರುತು ಬರುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಈ ಕಾಗದ. ಅರ್ಧಕ್ಕೆ ಕಟ್ ಮಾಡಲು ಇದರಲ್ಲಿ ಬಟನ್ ಇಲ್ಲ.

ಎರಡು ವರ್ಷದ ಹಿಂದಿನ ದೀಪಾವಳಿಗೆ ನೀನು ಸಿಡ್ನಿಯಿಂದ ಬಂದವನು, ಊಟದ ಮೇಜಿನಿಂದ ಪಾತ್ರೆ ಎತ್ತುವ ಮೊದಲೇ ಲ್ಯಾಪ್‌ಟಾಪ್ ತೆರೆದೆ. ವಾಟಲ್‌ರಿಡ್ಜ್ ಡೈಮಂಡ್ಸ್. ಪಶ್ಚಿಮ ಆಸ್ಟ್ರೇಲಿಯಾದ ಉತ್ತರದಲ್ಲಿ ಕೆಂಪು ಮಣ್ಣಿನ ನಡುವೆ ಒಂದು ಹೊಂಡ, ಪಕ್ಕದಲ್ಲಿ ಅರ್ಧ ಜೋಡಿಸಿದ ಯಂತ್ರಗಳು. "ಅಕ್ಕ, ಇದು ವಜ್ರ ಹುಡುಕುವ ಕಂಪನಿ ಅಲ್ಲ, ಹುಡುಕಿ ಆಗಿದೆ. ಇನ್ನು ಎರಡೇ ಕ್ವಾರ್ಟರ್, ಅಂದ್ರೆ ಆರು ತಿಂಗಳು, ಪ್ರೊಡಕ್ಷನ್ ಶುರು. ಶುರುವಾದ ಮೇಲೆ ಈ ರೇಟಿಗೆ ಯಾರು ಕೊಡ್ತಾರೆ?" ನಿನ್ನ ಕಣ್ಣು ಹೊಳೆಯುತ್ತಿತ್ತು. ನನಗೆ ಅರ್ಥವಾದದ್ದು ಕಾಲುಭಾಗ, ನಂಬಿದ್ದು ಪೂರ್ತಿ. ಲತೇಶ್ ಒಂದೇ ಮಾತು ಹೇಳಿದರು: "ನಿನ್ನ ದುಡ್ಡು, ನಿನ್ನ ತಮ್ಮ. ನಾನು ಮಧ್ಯೆ ಬರುದಿಲ್ಲ."

ಅದು ಯಾವ ದುಡ್ಡು ಎಂದು ನಿನಗೆ ಗೊತ್ತಿತ್ತು. ಉಡುಪಿಯಲ್ಲಿ ಹನ್ನೊಂದು ವರ್ಷ ನರ್ಸ್ ಆಗಿದ್ದವಳು ಇಲ್ಲಿ ವೃದ್ಧಾಶ್ರಮದಲ್ಲಿ ಸಹಾಯಕಿ. ಅಜ್ಜಂದಿರಿಗೆ ಸ್ನಾನ ಮಾಡಿಸಬಹುದು, ಮಾತ್ರೆ ಕೊಡುವ ಹಾಗಿಲ್ಲ. ಮತ್ತೆ ನರ್ಸ್ ಆಗಲು ಕೋರ್ಸು, ಪರೀಕ್ಷೆ, ರಿಜಿಸ್ಟ್ರೇಷನ್ ಎಲ್ಲ ಆಗಬೇಕು. ಅದಕ್ಕೆಂದು ನಾಲ್ಕು ವರ್ಷ ಕೂಡಿಸಿದ್ದು. "ಆರು ತಿಂಗಳು ಅಕ್ಕ, ಕೋರ್ಸ್ ಎಲ್ಲಿಗೂ ಓಡಿ ಹೋಗುದಿಲ್ಲ" ಎಂದೆ ನೀನು. ನಾನು ಅಷ್ಟನ್ನೂ ಹಾಕಿದೆ.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ನನ್ನ ಬಾಯಿ ಸುಮ್ಮನಿರಲಿಲ್ಲ, ಜಯಾ ಆಂಟಿಗೂ ಹೇಳಿದೆ. ನಾನು ಈ ದೇಶಕ್ಕೆ ಬಂದಾಗ ಕ್ಲೇಟನ್‌ನಲ್ಲಿ ಅವರ ಮನೆಯ ಹಿಂದಿನ ಕೋಣೆಯಲ್ಲಿ ಒಂಬತ್ತು ತಿಂಗಳು ಇದ್ದೆ. ಕೆಲಸ ಸಿಗುವವರೆಗೆ ರೆಂಟ್ ಕೇಳಲಿಲ್ಲ. ಗೋಪೀನಾಥ ಅಂಕಲ್ ತೀರಿಹೋದ ಮೇಲೆ ಆ ಕೋಣೆಗಳನ್ನು ಯೂನಿವರ್ಸಿಟಿಯ ಹುಡುಗಿಯರಿಗೆ ಕೊಟ್ಟು ಜೀವನ ಮಾಡುತ್ತಿದ್ದಾರೆ. ಅಂಕಲ್ ಬಿಟ್ಟುಹೋದದ್ದರಲ್ಲಿ ಅರ್ಧವನ್ನು ಅವರು ನಿನ್ನ ಹೊಂಡಕ್ಕೆ ಹಾಕಿದರು. ನಿನ್ನ ಮುಖವನ್ನು ಎರಡು ಸಲ ಮಾತ್ರ ನೋಡಿದ್ದವರು.

ಮೊದಲ ಮಳೆಗಾಲಕ್ಕೆ ಗಣಿಯ ರಸ್ತೆ ಕೊಚ್ಚಿಹೋಯಿತು, ಮುಂದಿನ ಕ್ವಾರ್ಟರ್ ಎಂದರು. ಆಮೇಲೆ ಹಡಗಿನಲ್ಲಿ ಬರಬೇಕಿದ್ದ ಕ್ರಷರ್ ತಡವಾಯಿತು, ಮುಂದಿನ ಕ್ವಾರ್ಟರ್ ಎಂದರು. ಪ್ರತಿ ಸಲವೂ ಸಮಾಧಾನ ಹೇಳಿದವನು ನೀನು. ನಿನ್ನ ಮಾತಿಗೆ ಷೇರು ಕೊಂಡ ಮೂವತ್ತೊಂದು ಜನರ ವಾಟ್ಸ್ಯಾಪ್ ಗುಂಪು, ಅದಕ್ಕೆ ನೀನೇ ಅಡ್ಮಿನ್. ನಿನ್ನ ಮೆಸೇಜುಗಳನ್ನು ನಾನು ಆಂಟಿಗೆ ಓದಿ ಹೇಳುತ್ತಿದ್ದೆ.

ಈ ವರ್ಷ ಆಗಸ್ಟಿನಲ್ಲಿ ಯಂತ್ರಗಳ ಜೋಡಣೆ ಮುಗಿಯಿತೆಂದು ಪ್ರಕಟಣೆ ಬಂತು, ಷೇರು ಏರಿತು. ಆಂಟಿಗೆ ಹಲ್ಲಿನ ತೊಂದರೆ, ಮನೆಯ ಸೂರು ಬೇರೆ ಸೋರುತ್ತಿತ್ತು. "ಸಾಕು ಕಣೇ ಸುಗುಣಾ, ಸ್ವಲ್ಪ ಲಾಭ ಇದೆಯಲ್ಲ, ಮಾರಿಬಿಡ್ಲಾ?" ಎಂದರು. ನಾನು ಅವರ ಅಡುಗೆಮನೆಯಲ್ಲೇ ನಿಂತು, ಸ್ಪೀಕರ್ ಹಾಕಿ ನಿನಗೆ ಫೋನ್ ಮಾಡಿದೆ. ಆಗಸ್ಟ್ ಹದಿನೇಳು, ಶನಿವಾರ. ನೀನು ನಕ್ಕೆ. "ಆಂಟಿ, ದಡದ ಹತ್ತಿರ ಬಂದು ದೋಣಿಯಿಂದ ಇಳಿತೀರಾ? ನಾನೇ ಒಂದು ಷೇರು ಮಾರಿಲ್ಲ." ಆಂಟಿ ಮಾರಲಿಲ್ಲ. ನಾನೂ ಮಾರಲಿಲ್ಲ.

ಅಕ್ಟೋಬರಿನಲ್ಲಿ ಷೇರಿನ ವಹಿವಾಟು ನಿಂತಿತು. ಕಂಪನಿಯ ಕೈಯಲ್ಲಿ ದುಡ್ಡು ಮುಗಿದಿತ್ತು, ಅಗ್ಗದ ಬೆಲೆಗೆ ಹೊಸ ಷೇರು ಹೊರಡಿಸಿದರು, ಪ್ರೊಡಕ್ಷನ್ ಮತ್ತೆ ಮುಂದಕ್ಕೆ ಹೋಯಿತು. ನಾವು ಕೊಂಡ ಬೆಲೆಯ ಮೂರನೇ ಒಂದು ಭಾಗ ಉಳಿಯಿತು. ಆಗ ನನಗೆ ಸಿಟ್ಟು ಬಂದದ್ದು ಕಂಪನಿಯ ಮೇಲೆ. ನವೆಂಬರ್ ಇಪ್ಪತ್ತೆಂಟಕ್ಕೆ ಸಿಡ್ನಿಯಲ್ಲಿ ವಾರ್ಷಿಕ ಸಭೆ ಎಂದು ಗೊತ್ತಾದಾಗ ರಜೆ ಹಾಕಿ ಹೊರಟೆ. ನೀನು ಕೆಲಸದ ಮೇಲೆ ಬ್ರಿಸ್ಬೇನಿನಲ್ಲಿದ್ದೇನೆ ಎಂದೆ. ಸರಿ, ನಮ್ಮಿಬ್ಬರ ಪರವಾಗಿ ನಾನೇ ಕೇಳುತ್ತೇನೆ ಎಂದೆ ನಾನು. "ಬೇಡ ಅಕ್ಕ, ಸುಮ್ಮನೆ ಯಾಕೆ" ಎಂದು ನೀನು ಮೂರು ಸಲ ಹೇಳಿದೆ. ನನ್ನ ಮೇಲಿನ ಕಾಳಜಿ ಎಂದುಕೊಂಡೆ.

ಹೋಟೆಲೊಂದರ ಸಣ್ಣ ಕೋಣೆ. ಇಪ್ಪತ್ತೈದು ಕುರ್ಚಿ, ಒಂದು ತಟ್ಟೆ ಬಿಸ್ಕತ್ತು, ನರೆತ ತಲೆಯ ಗಂಡಸರು. ನಾನು ಎದ್ದು ನಿಂತೆ. "ಎರಡು ವರ್ಷದಿಂದ ಮುಂದಿನ ಕ್ವಾರ್ಟರ್ ಎನ್ನುತ್ತಿದ್ದೀರಿ, ಯಾವ ವರ್ಷದ್ದು?" ಎಂದು ಕೇಳಿದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಧ್ಯಕ್ಷರು ಬಹಳ ಮರ್ಯಾದೆಯಿಂದ, ನಾವು ಗುರಿ ಎಂದು ಹೇಳಿದ್ದೇವೆ, ಮಾತು ಕೊಟ್ಟಿಲ್ಲ ಮೇಡಂ, ಎಂದರು. ನಾನು ಬಿಡಲಿಲ್ಲ. ನಿಮ್ಮ ಸಂಬಳವೂ ಗುರಿಯೋ, ತಿಂಗಳಿಗೆ ಸರಿಯಾಗಿ ಬರುತ್ತದೋ ಎಂದು ಕೇಳಿದೆ. ಈ ಸಲ ಹೆಚ್ಚು ಜನ ನಕ್ಕರು. ಅವರ ಮುಖ ಕೆಂಪಾಯಿತು.

ಅಲ್ಲಿಂದ ರೈಲು ಹತ್ತಿ ಎಪ್ಪಿಂಗ್‌ಗೆ, ನಿನ್ನ ಮನೆಗೆ ಬಂದೆ. ಯಾಕೆ ಬಂದೆ ಗೊತ್ತಾ? ಮೂವತ್ತೊಂದು ಜನರಿಗೆ ಹೇಳಿ ಹೂಡಿಸಿದ ತಮ್ಮ ಎಷ್ಟು ನೊಂದಿರಬಹುದೋ, ಅನಘಾಳಿಗಾದರೂ ಎರಡು ಮಾತು ಧೈರ್ಯ ಹೇಳಿ ಹೋಗೋಣ ಎಂದು. ಚೀಲದಲ್ಲಿ ನಿನಗೆಂದು ಮಿಡಿ ಉಪ್ಪಿನಕಾಯಿ ಬಾಟಲಿ ಇತ್ತು.

ಬಾಗಿಲು ತೆರೆದರೆ ನಡುಮನೆ ತುಂಬ ರಟ್ಟಿನ ಪೆಟ್ಟಿಗೆಗಳು. ಅನಘಾ ಸಂಕೋಚದಿಂದ ನಕ್ಕಳು. "ನಾವು ಕೊಂಡ ಟೌನ್‌ಹೌಸ್ ಕೀ ಮುಂದಿನ ವಾರ ಸಿಗ್ತದೆ ಅಕ್ಕ. ಆಗಸ್ಟಲ್ಲಿ ಆ ಷೇರೆಲ್ಲ ಮಾರಿದ್ದು ಒಳ್ಳೆಯದಾಯ್ತು, ಇಲ್ಲದಿದ್ರೆ ಡಿಪಾಸಿಟ್‌ಗೆ ಎಲ್ಲಿಂದ ತರುದು?" ಆಗಸ್ಟಲ್ಲಿ ಯಾವಾಗ ಎಂದು ಕೇಳಿದೆ. "ಮೊದಲನೇ ವಾರ. ನೀವೂ ಆಗಲೇ ಮಾರಿದ್ರಿ ಅಲ್ವಾ? ಅಕ್ಕನಿಗೆ ಹೇಳಿದ್ದೇನೆ ಅಂದ್ರು ಇವರು." ನನ್ನ ಮುಖ ನೋಡಿದ ಮೇಲೆ ಆ ಹುಡುಗಿಗೆ ಅರ್ಥವಾಯಿತು. ಕಾಫಿ ಲೋಟ ಹಿಡಿದುಕೊಂಡೇ ಅತ್ತಳು. ಅವಳನ್ನು ಬೈಯಬೇಡ, ಅವಳ ತಪ್ಪು ಏನೂ ಇಲ್ಲ.

ಯಾದವಾ, ನೀನು ಮಾರಿದ್ದಕ್ಕೆ ನನಗೆ ಸಿಟ್ಟಿಲ್ಲ. ನಿನ್ನ ಷೇರು, ನಿನ್ನ ಮನೆ. ಅಂದು ಸ್ಪೀಕರಿನಲ್ಲಿ "ಆಂಟಿ, ನಾನು ಮಾರಿದೆ, ನೀವು ಯೋಚನೆ ಮಾಡಿ" ಎಂದಿದ್ದರೆ ಏನಾಗುತ್ತಿತ್ತು? ಗುಂಪಿನಲ್ಲಿ ನಿನ್ನ ದೊಡ್ಡಸ್ತಿಕೆ ಕಡಿಮೆಯಾಗುತ್ತಿತ್ತು, ಅಷ್ಟೇ. ಎಲ್ಲರೂ ನಿನ್ನನ್ನು ಕೇಳುತ್ತಾರೆ, ಸುತ್ತ ಕೂರುತ್ತಾರೆ. ಆ ಸುಖಕ್ಕೆ ಒಬ್ಬ ವಿಧವೆಯ ಹಲ್ಲು, ಸೂರು ಎರಡನ್ನೂ ತೆತ್ತೆ. ಮಾತು ನಿನ್ನದು, ಅದನ್ನು ಹೊತ್ತುಕೊಂಡು ಹೋಗಿ ಕೊಟ್ಟ ಬಾಯಿ ನನ್ನದು.

ಮೆಲ್ಬರ್ನಿಗೆ ಬಂದವಳೇ ಕ್ಲೇಟನ್‌ಗೆ ಹೋಗಿ ಆಂಟಿಗೆ ಎಲ್ಲ ಹೇಳಿದೆ. ಅವರು ಬಟಾಣಿ ಬಿಡಿಸುತ್ತಿದ್ದರು, ಕೈ ನಿಲ್ಲಿಸಲಿಲ್ಲ. ಬಿಡಿಸುತ್ತಲೇ ಅಂದರು: "ನಾನು ನಿನ್ನ ತಮ್ಮನ್ನ ನಂಬಿ ಹಾಕ್ಲಿಲ್ಲ ಸುಗುಣಾ. ನಿನ್ನ ನಂಬಿ ಹಾಕ್ದೆ." ಆಮೇಲೆ ಊಟ ಮಾಡಿಕೊಂಡು ಹೋಗು ಎಂದರು.

ಹೋದ ಬುಧವಾರ ನನ್ನ ಷೇರುಗಳನ್ನೆಲ್ಲ ಮಾರಿದೆ. ಬಂದದ್ದರಲ್ಲಿ ಕೋರ್ಸಿನ ಮೊದಲ ಕಂತು ಕಟ್ಟಿದ್ದೇನೆ, ಉಳಿದದ್ದಕ್ಕೆ ವಾರಾಂತ್ಯದ ಶಿಫ್ಟ್. ಫೆಬ್ರವರಿಯಲ್ಲಿ ತರಗತಿ ಶುರು. ಆಂಟಿಯದನ್ನು ಮಾರಬೇಕೇ ಎಂದು ಕೇಳಿದ್ದಕ್ಕೆ, ಇಷ್ಟಕ್ಕೆ ಮಾರಿ ಏನು ಮಾಡಲಿ, ಬಿದ್ದಿರಲಿ ಬಿಡು ಎಂದರು.

ಹೊಸ ಮನೆಗೆ ಹೋಗುವಾಗ ಸೊಂಟ ಜೋಪಾನ, ಭಾರ ಎತ್ತಬೇಡ. ಹಾಲು ಉಕ್ಕಿಸಲು ನಾನು ಬರುವುದಿಲ್ಲ. ಅನಘಾಳಿಗೆ ನನ್ನ ಆಶೀರ್ವಾದ. ನಿನಗೂ ಇದೆ, ಸಿಟ್ಟಿನ ಅಡಿಯಲ್ಲಿ ಎಲ್ಲೋ ಸಿಕ್ಕಿಕೊಂಡಿದೆ.

ನಿನ್ನ ಅಕ್ಕ,
ಸುಗುಣಾ

ಮಂಗಳವಾರ ಬೆಳಿಗ್ಗೆ. ಪೋಸ್ಟ್ ಡಬ್ಬಿಯ ಎದುರು ಕಾರಿನಲ್ಲಿ ಕೂತು ಇದನ್ನು ಸೇರಿಸುತ್ತಿದ್ದೇನೆ. ಈಗ ತಾನೇ ಜಯಾ ಆಂಟಿಯ ಫೋನು. "ಕಲ್ಲು ಬಂತಂತೆ ಕಣೇ, ಪ್ರೊಡಕ್ಷನ್ ಶುರುವಾಯ್ತಂತೆ!" ಷೇರು ನಾವು ಕೊಂಡ ಬೆಲೆಯ ಹತ್ತಿರಕ್ಕೆ ಏರಿದೆ. ಮರುಕ್ಷಣವೇ "ಅಯ್ಯೋ, ನೀನು ಮಾರಿಬಿಟ್ಯಲ್ಲೇ" ಎಂದು ನನಗೋಸ್ಕರ ಅತ್ತರು. ನೋಡಿದೆಯಾ ಅಕ್ಕ, ನಾನು ಹೇಳಿದ್ದೆನಲ್ಲ ಎಂದು ಮಾತ್ರ ನೀನು ಫೋನ್ ಮಾಡಬೇಡ. ಗಣಿಯಿಂದ ವಜ್ರ ಬಂದರೂ ಆಗಸ್ಟ್ ಹದಿನೇಳರ ನಿನ್ನ ಮಾತು ನಿಜವಾಗುವುದಿಲ್ಲ. ಬರುವ ಶನಿವಾರ ಹನ್ನೊಂದು ಗಂಟೆಗೆ ಕ್ಲೇಟನ್‌ನಲ್ಲಿ ಆಂಟಿಯ ಮನೆಗೆ ಬಾ. ಸ್ವೀಟು, ಹಣ್ಣು ಏನೂ ತರಬೇಡ. ಅವರ ಮುಂದೆ ಕೂತು, ನಾನು ಮಾರಿದ್ದೆ, ಸುಳ್ಳು ಹೇಳಿದೆ ಎಂದು ನಿನ್ನ ಬಾಯಿಂದಲೇ ಹೇಳು. ನಾನು ಬಾಗಿಲಲ್ಲಿ ನಿಂತಿರುತ್ತೇನೆ.