ಇಳಿಯದ ಸೂಜಿ

ಮಾರ್ಚ್ 3, ಬೆಳಿಗ್ಗೆ

ಮತ್ತೆ ಟೆಸ್ಟ್ ಡ್ರೈವ್. ಸ್ಟೀರಿಂಗ್ ಮಾವನ ಕೈಯಲ್ಲಿ, ಅಮ್ಮನ ತಮ್ಮ. ನಾನು ಪಕ್ಕದಲ್ಲಿ, ಮಡಿಲಲ್ಲಿ ನೋಟ್‌ಬುಕ್. ಎರಡೇ ಸೀಟಿನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು. ನಾಲ್ಕನೇ ಗೇರ್, ವೇಗ ಎಂಬತ್ತು, ಎಂಜಿನ್ ನಿಮಿಷಕ್ಕೆ 2800 ಸುತ್ತು. ಮಾವ ಓವರ್‌ಡ್ರೈವ್ ಸ್ವಿಚ್ ಹಾಕಿದರು. ವೇಗ ಅಷ್ಟೇ ಇತ್ತು, ಸೂಜಿ 2200ಕ್ಕೆ ಇಳಿಯಿತು. ಸದ್ದೂ ಇಳಿಯಿತು.

"ಗೇರ್‌ಬಾಕ್ಸ್ ಅಂದ್ರೆ ನೆಂಟರ ಕೈಲಿ ಕಳಿಸಿದ ಗಂಟು ಕಣೇ ಸಾಹಿತಿ. ಕೈ ಬದಲಾದಷ್ಟೂ ಸಣ್ಣದಾಗುತ್ತೆ. ಎಂಜಿನ್ ಶಕ್ತೀನ ಘರ್ಷಣೆ ತಿಂದುಬಿಡುತ್ತೆ."

ಬರೆದುಕೊಂಡೆ. ಎಂ.ಎ. ಮುಗಿಸಿ ಮೂಲೆ ಹಿಡಿದಿದ್ದವಳನ್ನು ಕರೆದು ಕೆಲಸ ಕೊಟ್ಟವರು ಅವರೊಬ್ಬರೇ. ಅವರ ಗ್ಯಾರೇಜಿನಲ್ಲಿ ಮಾರುವ ಹಳೆಯ ಕಾರುಗಳ ಪರಿಚಯ ಬರೆಯುತ್ತೇನೆ.

ಮಾರ್ಚ್ 9

ಕೆಂಪು ಕಾರಿನ ಪರಿಚಯ ಕಳಿಸಿದ್ದಾಯಿತು. 'ಓವರ್‌ಡ್ರೈವ್ ಹಾಕಿದರೆ ಎಂಜಿನ್ ಚಪ್ಪಲಿ ಬಿಚ್ಚಿ ನಡೆಯುತ್ತದೆ.' ನಿವೃತ್ತ ನರ್ಸಮ್ಮ ಒಬ್ಬರು ಫೋನ್ ಮಾಡಿದರು.

"ಆ ಚಪ್ಪಲಿ ಮಾತು ಓದಿಯೇ ಕಾರು ಕೊಳ್ಳೋಕೆ ಒಪ್ಪಿಕೊಂಡೆ ಕಣಮ್ಮ. ಅಕ್ಕನ ಊರು ಆರು ಗಂಟೆ ದಾರಿ. ಈ ಕಿವಿ ಸದ್ದು ತಡೆಯಲ್ಲ."

ಇಡೀ ದಿನ ಖುಷಿ.

ಮಾರ್ಚ್ 21, ಸಂಜೆ

ಜ್ವರ. ಹನ್ನೆರಡು ದಿನ ಗ್ಯಾರೇಜೂ ಇಲ್ಲ, ಬರವಣಿಗೆಯೂ ಇಲ್ಲ.

ಇಂದು ಮತ್ತೆ ಕೆಲಸಕ್ಕೆ ಹೋದೆ; ಸಂಜೆ ಮಾವ ತಮ್ಮ ನೀಲಿ ಕಾರಿನಲ್ಲಿ ಮನೆಗೆ ಬಿಟ್ಟರು. ಕೆಂಪಿನದೇ ಮಾದರಿ, ಓವರ್‌ಡ್ರೈವ್ ಇಲ್ಲದ್ದು. ಎಂಬತ್ತು ದಾಟುವಾಗ ಚಾಳಿಯಂತೆ ಸೂಜಿ ನೋಡಿದೆ.

2200.

ಸ್ಟೀರಿಂಗ್ ಪಕ್ಕ ಹೊಸ ಸ್ವಿಚ್... ಕೇಳಲಿಲ್ಲ. ಕೇಳುವ ಧೈರ್ಯ ನನಗೆ ಯಾವತ್ತು ಇತ್ತು?

ಮಾರ್ಚ್ 22

ಮಾವ ಬರುವ ಮೊದಲು ಕೆಂಪು ಕಾರನ್ನು ನಾನೇ ಓಡಿಸಿದೆ. ಎಂಬತ್ತು. ಸ್ವಿಚ್ ಹಾಕಿದೆ, ಹಸಿರು ದೀಪ ಹತ್ತಿತು. ಸೂಜಿ 2800. ತೆಗೆದೆ, ಹಾಕಿದೆ. 2800. ನಿಲ್ಲಿಸಿ ಬಗ್ಗಿ ನೋಡಿದೆ: ಸ್ವಿಚ್ಚಿನ ತಂತಿ ದೀಪದವರೆಗೆ ಮಾತ್ರ.

"ಎರಡೂ ಕಾರಿನ ಗೇರ್‌ಬಾಕ್ಸ್ ಅದಲು ಬದಲು ಮಾಡಿದೆ," ಅಷ್ಟರಲ್ಲಿ ಬಂದ ಮಾವ ನನ್ನನ್ನು ಸ್ವಿಚ್ಚಿನ ಬಳಿ ಕಂಡು, ಕೈ ಒರೆಸಿಕೊಳ್ಳುತ್ತಲೇ ಹೇಳಿದರು. "ಈ ವಯಸ್ಸಲ್ಲಿ ಆಯಮ್ಮ ರೇಸಿಗೆ ಹೋಗ್ತಾರಾ? ದೀಪ ಹತ್ತಿದ್ರೆ ಸಾಕು."

"ನಾನು ಬರೆದದ್ದು?"

"ಅದಕ್ಕೇ ಅಲ್ವೇನೇ ನಿನ್ನ ಕರೆದದ್ದು. ಚೆನ್ನಾಗಿ ಬರೀತೀಯ. ಬಾಯಿ ಬಿಡಲ್ಲ."

ಬೈದಿದ್ದರೆ ಅತ್ತು ಮರೆಯುತ್ತಿದ್ದೆ. ಹೊಗಳಿದರು.

ಮಾರ್ಚ್ 24, ಸಂಜೆ ಆರು

ನರ್ಸಮ್ಮ ಕಾರು ಓಡಿಸಿ ನೋಡಲು ಬಂದರು, ಪಕ್ಕದಲ್ಲಿ ನಾನು. ಎರಡೇ ಸೀಟು — ಮಾವ ಗ್ಯಾರೇಜಿನ ಗೇಟಿನಲ್ಲಿ ಉಳಿದರು. ಹೆದ್ದಾರಿ. ಎಂಬತ್ತು. ಅವರು ಸ್ವಿಚ್ ಹಾಕಿದರು, ಹಸಿರು ದೀಪ.

"ಚಪ್ಪಲಿ ಬಿಚ್ಚಿತೇನಮ್ಮ?" ನಕ್ಕರು. ಕಿವಿ ಒಡ್ಡಿದರು. ನಗು ನಿಂತಿತು. "ನನ್ನ ಕಿವಿಯೇ ಸರಿ ಇಲ್ಲವೇನೋ."

ಅದೊಂದು ತಡೆಯಲಾಗಲಿಲ್ಲ.

"ನಿಮ್ಮ ಕಿವಿ ಸರಿ ಇದೆ. ದೀಪ ಬಿಡಿ, ಸೂಜಿ ನೋಡಿ."

ನೋಡಿದರು. ಮೂರು ಸಲ ಹಾಕಿ ತೆಗೆದರು. ಗಾಡಿ ತಿರುಗಿಸಿದರು. ನಾನು ಗೇಟು ಬರುವ ಮೊದಲೇ ಇಳಿದು ಮನೆಗೆ ನಡೆದುಬಂದೆ.

ಈಗ ಹೊರಗೆ ನೀಲಿ ಕಾರು. ಎಷ್ಟು ಮೆತ್ತಗೆ ಬಂದು ನಿಂತಿತು... ಅಮ್ಮ ಕೂಗುತ್ತಿದ್ದಾರೆ —

"ಮಾವ ಬಂದಿದಾನೆ. ಏನೇ ಮಾಡಿದೆ ನೀನು?"

ಹೋಗುತ್ತೇನೆ. ಈ ಸಲ ಬರೆದಲ್ಲ, ಬಾಯಿ ಬಿಟ್ಟೇ ಹೇಳುತ್ತೇನೆ.