ಬುದ್ಧಿ ಗುಳಿಗಿ

ಅಪ್ಪಾಜಿ,

ನೀವು ತೀರಿಕೊಂಡು ಎರಡು ವರ್ಷ ಆತು. ಓದಾಕ ನೀವಿಲ್ಲ ಅಂತ ಗೊತ್ತಿದ್ದೇ ಧೈರ್ಯದಿಂದ ಬರೀತೀನಿ.

ಇವತ್ತು ತಮ್ಮ ಸಿದ್ದಲಿಂಗೇಶನ್ನ ಸಿರುಗುಪ್ಪದಿಂದ ಬಳ್ಳಾರಿಗೆ ಸಿನಿಮಾಕ್ಕ ಕರ್ಕೊಂಡು ಹೋಗಿದ್ದೆ. ಅದರಾಗ ಹೀರೋ ಒಂದು ಗುಳಿಗಿ ನುಂಗತಾನ, ಬುದ್ಧಿ ನೂರುಪಟ್ಟು ಬೆಳೀತೈತಿ. ಆ ಗುಳಿಗಿಗಾಗಿ ಕೊಲೆಗಡುಕರು ಅವನ ಬೆನ್ನು ಹತ್ತತಾರ. ಜನ ಸಿಳ್ಳಿ ಹೊಡದಿದ್ದೇ ಹೊಡದಿದ್ದು.

ಅದಿರಿನ ಲಾರಿಗಳಿಂದ ದೊಡ್ಡ ಮನುಷ್ಯರಾದ ಮ್ಯಾಲ ನಿಮಗ ಡಾಕ್ಟರ್ ಮಗ ಬೇಕಾಗಿದ್ದ. ಯಾರೋ ಮಾರಿದ ಬುದ್ಧಿ ಗುಳಿಗಿ ತಮ್ಮನಿಗೆ ತಂದ್ರಿ. ಸಾಲಿಗೇ ಮೊದಲು ಬಂದಿದ್ದ ನನ್ನ ಓದು ಬಿಡಿಸಿ, ವರನ್ನ ಹುಡುಕಾಕ ಹತ್ತಿದ್ರಿ. ವಾರದಾಗ ಅವನ ಕೈ ನಡುಗಾಕ ಶುರುವಾದವು. ಮನ್ಯಾಗ ಎಲ್ಲಾರಿಗೂ ಕಂಡಿತ್ತು. ಪರೀಕ್ಷೆಗೆ ಮೊದಲೇ ಫಿಟ್ಸ್ ಬಂತು. ಈಗ ಅವನಿಗೆ ಬಸ್ಸಿನ ಬೋರ್ಡೂ ಓದಾಕ ಬರಂಗಿಲ್ಲ.

ಇಂಟರ್‌ವಲ್‌ನಾಗ ಕೇಳಿದ, "ಅಕ್ಕಾ, ಅಪ್ಪಾಜಿ ನನಗ ತಂದಿದ್ದು ಇದೇ ಗುಳಿಗಿ ಏನು?"

"ಅಲ್ಲೋ, ಇದು ಬರೇ ಸಿನಿಮಾ."

"ಮತ್ತ ನೀನು ದಿನಾ ಹಾಲಿನಾಗ ಕಲಸಿ ಕೊಡ್ತಿದ್ದಿಯಲ್ಲ, ಅದು ಯಾವುದು?"

ತಿನ್ನಾಕ ಮಂಡಾಳು ತರ್ತೀನಿ ಅಂತ ಹೇಳಿ ಎದ್ದು ಹೊರಗ ಬಂದೆ. ಸಿನಿಮಾ ಮುಗಿಯೋತನಕ ಒಳಗ ಹೋಗಲಿಲ್ಲ.

ನಿಮ್ಮ ಮಗಳು,
ಐಶ್ವರ್ಯ